ಹಾಡಿದವಳ ಹೆಸರೆಲ್ಲಿ?

ಹೆಚ್ಚಿನ ಸಿಡಿಗಳಲ್ಲಿ ಹಾಡು ಇರುತ್ತದೆ, ಹಾಡಿನ ಹೆಸರು ಇರುವುದಿಲ್ಲ. ಈ ಮಾತನ್ನು ನಮ್ಮ ಮಲೆಬೆನ್ನೂರಿನ ಓಣಿಯಲ್ಲಿ ಹೇಳಿ ನೋಡಿ, ಯಾರೂ ನಂಬುವುದಿಲ್ಲ. ‘ಕಂಪ್ಯೂಟರಿಗೆ ಹಾಕಿದ ಕೂಡಲೇ ಹೆಸರೆಲ್ಲ ಬರ್ತಾವಲ್ರೀ’ ಎನ್ನುತ್ತಾರೆ. ಬರುತ್ತವೆ, ನಿಜ. ಎಲ್ಲಿಂದ ಬರುತ್ತವೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

1982ರಲ್ಲಿ ಮಾರುಕಟ್ಟೆಗೆ ಬಂದ ಈ ಸಿಡಿಯ ಆರಂಭದಲ್ಲಿ ಒಂದು ಪರಿವಿಡಿ ಇರುತ್ತದೆ. ಎಷ್ಟು ಹಾಡುಗಳಿವೆ, ಒಂದೊಂದೂ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು, ಆ ಸೆಕೆಂಡಿನ 75 ಪಾಲಿನಲ್ಲಿ ಯಾವ ಪಾಲಿಗೆ ಶುರುವಾಗುತ್ತದೆ, ಇಷ್ಟೇ ಅದರಲ್ಲಿರುವುದು. ಅವಸರದ ಸಾಫ್ಟ್‌ವೇರು ಈ ಪರಿವಿಡಿಯನ್ನಷ್ಟೇ ಓದಿ, ಇಂಟರ್‌ನೆಟ್ಟಿನ ಪಟ್ಟಿಯಲ್ಲಿ ಅದಕ್ಕೆ ಜೋಡಿ ಹುಡುಕುತ್ತದೆ. ಆ ಪಟ್ಟಿಗೆ ಹೆಸರು ತುಂಬಿದವರು ಬಹುಮಟ್ಟಿಗೆ ನಮ್ಮ ನಿಮ್ಮಂಥ ಕೇಳುಗರೇ. 2020ರಲ್ಲಿ ಮುಚ್ಚಿಹೋದ ಫ್ರೀಡಿಬಿಯ ಗುರುತಿನ ಲೆಕ್ಕದಲ್ಲಿ ಸೆಕೆಂಡಿನ ಪಾಲುಗಳನ್ನು ಕೈಬಿಡುತ್ತಿದ್ದರು. ಹಾಗಾಗಿ ಎರಡು ಬೇರೆ ಬೇರೆ ಸಿಡಿಗೆ ಒಂದೇ ಗುರುತು ಬೀಳುವುದೂ ಇತ್ತು.

ನಮ್ಮ ನೆಂಟರ ಮನೆಯ ಮದುವೆಯಲ್ಲಿ ಹಿರಿಯ ಹೆಂಗಸರು ಹಾಡಿದ ಸೋಬಾನೆ ಪದಗಳ ಸಿಡಿಯೊಂದಿತ್ತು. ಅಂಗಡಿಯೊಂದರಲ್ಲಿ ಪೆನ್‌ಡ್ರೈವಿಗೆ ಇಳಿಸಿ ಕೊಟ್ಟಾಗ ಅದರ ತುಂಬ ಯಾವುದೋ ಇಂಗ್ಲಿಷ್ ಹಾಡುಗಳ ಹೆಸರು! ಅಂಗಡಿಯವರಿಗೆ ತಿರುಗಿ ನೋಡಲು ಪುರುಸೊತ್ತಿರಲಿಲ್ಲ.

‘ಕೇಳೋದಕ್ಕೆ ಹಾಡಿದ್ದರೆ ಸಾಕು, ಹೆಸರು ಯಾಕೆ?’ ಎನ್ನುವವರಿದ್ದಾರೆ. ಕೇಳುವವರಿಗೆ ಸಾಕು. ಹಾಡಿದವಳ ಮೊಮ್ಮಗಳಿಗೆ ಸಾಲದು. ಅಡುಗೆಮನೆಯಲ್ಲಿ, ಹಸೆಯ ಮುಂದೆ ಜೀವಮಾನವೆಲ್ಲ ಹಾಡಿದವರ ಹೆಸರು ಮೊದಲೇ ಎಲ್ಲೂ ದಾಖಲಾಗಿಲ್ಲ. ಒಂಬತ್ತು ಮಂದಿ ಹಾಡಿದ್ದರೂ ‘ವಿವಿಧ ಕಲಾವಿದರು’ ಎಂದು ಒಂದೇ ಸೆರಗು ಮುಚ್ಚಿದರೆ ಮುಗಿಯಿತು.

ನಿಧಾನದ ಸಾಫ್ಟ್‌ವೇರುಗಳೂ ಇವೆ. ಅವು ಸಿಡಿಯನ್ನು ಮೊದಲಿನಿಂದ ಕೊನೆಯವರೆಗೆ ತಡವಿ, ಎರಡು ಹಾಡುಗಳ ನಡುವಿನ ತೆರಪನ್ನೂ ಗುರುತಿಸುತ್ತವೆ. ಹಾಡಿಗೆ ಮುಂಚೆ ಆಡಿದ ಎರಡು ಮಾತು ಕೆಲವೊಮ್ಮೆ ಆ ತೆರಪಿನಲ್ಲೇ ಇರುತ್ತವೆ. ಇದಕ್ಕೆ ಒಂದಷ್ಟು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಆದರೆ ಹೆಸರು ಸರಿಯೋ ತಪ್ಪೋ ಎಂದು ಯಾವ ಯಂತ್ರವೂ ಹೇಳಲಾರದು. ಅದನ್ನು ಮನುಷ್ಯರೇ ನೋಡಬೇಕು.

ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಊರು ನಮ್ಮದು. ಮಿಲ್ಲಿನಿಂದ ಬಂದ ಅಕ್ಕಿಯನ್ನೂ ಮೊರಕ್ಕೆ ಸುರಿದು, ಕಲ್ಲು ಆರಿಸಿಯೇ ಎಸರಿಗೆ ಹಾಕುವವರು ನಾವು. ಹೆಸರಿನ ವಿಷಯದಲ್ಲಿ ಮಾತ್ರ ಏಕಿಷ್ಟು ಉದಾಸೀನ? ಮನೆಯ ಹಳೆಯ ಸಿಡಿಗಳನ್ನು ಇಳಿಸುವಾಗ ಮಕ್ಕಳ ಪಕ್ಕದಲ್ಲಿ ನೀವೇ ಕುಳಿತುಕೊಳ್ಳಿ. ಹೊದಿಕೆಯ ಚೀಟಿ ನೋಡಿ, ಚೀಟಿ ಇಲ್ಲದಿದ್ದರೆ ಧ್ವನಿ ಗುರುತಿಸಬಲ್ಲ ಅಜ್ಜಿಯನ್ನು ಕೇಳಿ. ಹಾಡಿದವಳ ಹೆಸರನ್ನು ಕನ್ನಡದಲ್ಲೇ ಬರೆಸಿ. ಆ ಅಜ್ಜಿ ಇರುವಾಗಲೇ ಈ ಕೆಲಸ ಆಗಬೇಕು.