ಪರೀಕ್ಷೆಯ ಬೂದಿ

1945ನೆಯ ಇಸವಿಯ ಜುಲೈ 16. ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದ ಮರುಭೂಮಿಯಲ್ಲಿ ಮಳೆಗುಡುಗುಗಳ ರಾತ್ರಿ ಕಳೆದಿತ್ತು. ಬೆಳಗಿನ 5 ಗಂಟೆ 29 ನಿಮಿಷಕ್ಕೆ, ನೂರಡಿ ಎತ್ತರದ ಉಕ್ಕಿನ ಗೋಪುರದ ಮೇಲಿದ್ದ ಗೋಳವೊಂದು ಸಿಡಿಯಿತು; ಸೂರ್ಯೋದಯಕ್ಕೆ ಮೊದಲೇ ಬೆಟ್ಟಸಾಲುಗಳು ಹಗಲಿನಂತೆ ಬೆಳಗಿದವು. ಹತ್ತು ಮೈಲಿ ದೂರದಲ್ಲಿದ್ದ ಎನ್ರಿಕೊ ಫರ್ಮಿ, ಸುಮಾರು ನಲವತ್ತು ಸೆಕೆಂಡುಗಳ ಬಳಿಕ ಗಾಳಿಯ ಹೊಡೆತ ಬಂದು ತಲಪಿದಾಗ, ಆರಡಿ ಎತ್ತರದಿಂದ ಕಾಗದದ ಚೂರುಗಳನ್ನು ಉದುರಬಿಟ್ಟರು. ಅವು ಎರಡೂವರೆ ಮೀಟರು ಆಚೆ ಹೋಗಿ ಬಿದ್ದವು. ಹತ್ತು ಸಾವಿರ ಟನ್ ಟಿ.ಎನ್.ಟಿ. ಮದ್ದಿನ ಬಲವಿರಬೇಕೆಂದು ಅವರು ಅಷ್ಟರಿಂದಲೇ ಅಂದಾಜು ಮಾಡಿದರು. ನಿಜವಾದ ಬಲ ಅದರ ಇಮ್ಮಡಿಗೂ ಮಿಗಿಲಾಗಿದ್ದಿತು. ಆದರೂ ಕಾಗದದ ಚೂರಿನ ಮಟ್ಟಿಗೆ ಅದು ಕೆಟ್ಟ ಲೆಕ್ಕವೇನಲ್ಲ.

ಟ್ರಿನಿಟಿ ಎಂಬ ಹೆಸರಿನ ಈ ಪ್ರಯೋಗದ ಮೂಲ 1938ರ ಡಿಸೆಂಬರಿನಲ್ಲಿದೆ. ಬರ್ಲಿನ್ನಿನಲ್ಲಿ ಆಟೊ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಅವರು ಯುರೇನಿಯಮ್ಮಿಗೆ ನ್ಯೂಟ್ರಾನುಗಳನ್ನು ತಾಕಿಸಿದಾಗ ಬೇರಿಯಂ ದೊರೆಯಿತು. ಪರಮಾಣುವಿನ ಬೀಜವೇ ಇಬ್ಭಾಗವಾಗಿದೆಯೆಂದು ಲೀಸೆ ಮೈಟ್ನರ್ ಮತ್ತು ಆಕೆಯ ಸೋದರಿಯ ಮಗ ಆಟೊ ಫ್ರಿಶ್ ವಿವರಿಸಿದರು. ಹೀಗೆ ಒಡೆದ ಬೀಜದಿಂದ ಎರಡು ಮೂರು ನ್ಯೂಟ್ರಾನುಗಳು ಚಿಮ್ಮಿ ನೆರೆಯ ಬೀಜಗಳನ್ನು ಒಡೆಯುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಎಂಬತ್ತು ಸಲ ಇಮ್ಮಡಿಸುವುದಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಸಾಕು. ಲೋಹದ ಗಡ್ಡೆ ಚಿಕ್ಕದಾದರೆ ಮಾತ್ರ ನ್ಯೂಟ್ರಾನುಗಳು ಹೊರಗೆ ಸೋರಿಹೋಗಿ ಸರಪಳಿ ಕಡಿಯುತ್ತದೆ.

ಆದುದರಿಂದ ಬಿಡಿಯಾಗಿ ನಿರಪಾಯವಾಗಿರುವುದನ್ನು ಕ್ಷಣದಲ್ಲಿ ಒಂದುಗೂಡಿಸಬೇಕು. ಯುರೇನಿಯಮ್ಮಿನಲ್ಲಿ ಇದು ಸುಲಭ: ಫಿರಂಗಿಯ ನಳಿಗೆಯಲ್ಲಿ ಒಂದು ತುಂಡನ್ನು ಇನ್ನೊಂದರತ್ತ ಹಾರಿಸಿದರಾಯಿತು. ಆದರೆ ಬೇಕಾದ ಬಗೆಯ ಯುರೇನಿಯಂ ಸಾವಿರದಲ್ಲಿ ಏಳು ಪಾಲು ಮಾತ್ರ. ಬೇರ್ಪಡಿಸುವುದು ಮಹಾ ಪ್ರಯಾಸ. ರಿಯಾಕ್ಟರಿನಲ್ಲಿ ಹುಟ್ಟುವ ಪ್ಲುಟೋನಿಯಮ್ಮಾದರೋ ಅವಸರದ ಲೋಹ. ತಾನಾಗಿಯೇ ನ್ಯೂಟ್ರಾನುಗಳನ್ನು ಸೂಸುವುದರಿಂದ, ಫಿರಂಗಿಯ ವೇಗಕ್ಕೆ ಅದು ಪೂರ್ತಿ ಕೂಡುವ ಮುನ್ನವೇ ಚದರಿ ಟುಸ್ಸೆನ್ನುತ್ತದೆ. ಅದನ್ನು ಸುತ್ತಲಿಂದಲೂ ಒಮ್ಮೆಲೇ ಒತ್ತಬೇಕು. ಇದು ಕೈಗೂಡೀತೆಂಬ ಭರವಸೆ ಸಾಲದೆಯೇ ಮರುಭೂಮಿಯಲ್ಲಿ ಪರೀಕ್ಷೆ ನಡೆಸಿದರು. ಯುರೇನಿಯಂ ಬಾಂಬಿಗೆ ಪರೀಕ್ಷೆಯ ಅಗತ್ಯ ಕಾಣಲಿಲ್ಲ. ಅದು ಮೊದಲು ಸಿಡಿದದ್ದು ಆಗಸ್ಟ್ 6ರಂದು, ಹಿರೋಷಿಮಾದ ಜನರ ಮೇಲೆಯೇ. ಮೂರು ದಿನಗಳ ಬಳಿಕ ನಾಗಾಸಾಕಿಯ ಮೇಲೆ ಬಿದ್ದುದು ಪ್ಲುಟೋನಿಯಂ ಬಾಂಬು.

ಆ ಮುಂಜಾವಿನಲ್ಲಿ ಗೀತೆಯ ಹನ್ನೊಂದನೆಯ ಅಧ್ಯಾಯ ನೆನಪಾಯಿತೆಂದು ಓಪನ್‌ಹೈಮರ್ 1965ರಲ್ಲಿ ಟೆಲಿವಿಷನ್ನಿನಲ್ಲಿ ಹೇಳಿದುದನ್ನು ಎಲ್ಲರೂ ಬಲ್ಲರು. ಬೂದಿ ಬಿದ್ದ ಹಳ್ಳಿಗಳ ಮಾತನ್ನು ಬಲ್ಲವರು ಕಡಿಮೆ. ಮದ್ದಿನ ಉಗ್ರಾಣವೊಂದು ಸಿಡಿಯಿತೆಂದು ಸೈನ್ಯ ಸುಳ್ಳು ಪ್ರಕಟಣೆ ಹೊರಡಿಸಿತು. ಮನೆಯ ಮಾಡಿನಿಂದ ಇಳಿದ ಮಳೆನೀರನ್ನು ಕೂಡಿಟ್ಟು ಕುಡಿಯುತ್ತಿದ್ದ ರೈತಕುಟುಂಬಗಳಿಗೆ ಯಾರೂ ಎಚ್ಚರಿಕೆ ಕೊಡಲಿಲ್ಲ. ಸಾವಿರ ಮೈಲಿಗೂ ಆಚೆ, ಇಂಡಿಯಾನಾದ ಗಿರಣಿಯಲ್ಲಿ ನದಿಯ ನೀರು ಬಳಸಿ ಮಾಡಿದ ರಟ್ಟು ಕೊಡಕ್ ಕಂಪನಿಯ ಎಕ್ಸ್‌ರೇ ಫಿಲ್ಮುಗಳ ಮೇಲೆ ಕಲೆ ಮೂಡಿಸಿತು. ಆ ಕಲೆಗಳ ಜಾಡನ್ನು ಕಂಪನಿಯ ವಿಜ್ಞಾನಿ ಬೇಗನೆ ಪತ್ತೆಹಚ್ಚಿದ. ನೆವಾಡದ ಪರೀಕ್ಷೆಗಳಿಂದ ನೊಂದವರಿಗೆ ಪರಿಹಾರ ನೀಡುವ ಕಾನೂನು 1990ರಲ್ಲಿ ಬಂದಾಗ ಟ್ರಿನಿಟಿಯ ನೆರೆಯವರು ಅದರಲ್ಲಿ ಸೇರಿರಲಿಲ್ಲ. ಅವರನ್ನು ಸೇರಿಸಿಕೊಂಡದ್ದು 2025ರ ಜುಲೈನಲ್ಲಿ. ಅಂದು ಆ ಬೆಳಕನ್ನು ಕಂಡಿದ್ದ ಮಕ್ಕಳಲ್ಲಿ ಬದುಕಿ ಉಳಿದವರು ಆ ವೇಳೆಗೆ ಎಂಬತ್ತು ದಾಟಿದ್ದರು.