ಹೊಗೆಕೊಳವೆಯೊಳಗಿನ ಸಾಕ್ಷಿ

ಡೀಸೆಲ್ ಲಾರಿಯ ಕಪ್ಪು ಹೊಗೆಯನ್ನು ಮಕ್ಕಳೂ ಗುರುತಿಸಬಲ್ಲರು. ಅದರೊಡನೆ ಹೊರಬರುವ ನೈಟ್ರೋಜನ್ ಆಕ್ಸೈಡ್‌ಗಳು ಮಾತ್ರ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಉಸಿರಾಟದ ತೊಂದರೆಯನ್ನು ಹೆಚ್ಚಿಸುವ ಈ ಅನಿಲಗಳನ್ನು ಹೊಗೆಕೊಳವೆಯಲ್ಲಿಯೇ ಅಳೆಯಬೇಕು. ಆದರೆ ಅಲ್ಲಿನ ಬಿಸಿ ನೂರಾರು ಡಿಗ್ರಿ.

ಆ ಬಿಸಿಯಲ್ಲಿಯೇ ಕೆಲಸ ಮಾಡುವ ವಸ್ತು ಜಿರ್ಕೋನಿಯಾ ಎಂಬ ಪಿಂಗಾಣಿ. ಅದಕ್ಕೆ ಸ್ವಲ್ಪ ಯಿಟ್ರಿಯಾ ಬೆರೆಸಿ ಚೆನ್ನಾಗಿ ಕಾಯಿಸಿದರೆ ಆಕ್ಸಿಜನ್ ಅಯಾನುಗಳು ಅದರ ಮೂಲಕ ಸಾಗುತ್ತವೆ. 1976ರಿಂದ ಕಾರುಗಳಲ್ಲಿ ಬಳಕೆಗೆ ಬಂದ ಆಕ್ಸಿಜನ್ ಸಂವೇದಕದ ತತ್ತ್ವ ಇದೇ. ನೈಟ್ರೋಜನ್ ಆಕ್ಸೈಡ್ ಸಂವೇದಕದಲ್ಲಿ ಎರಡು ಪುಟ್ಟ ಕೋಣೆಗಳಿರುತ್ತವೆ. ಮೊದಲನೆಯದು ಹೊಗೆಯಲ್ಲಿರುವ ಆಕ್ಸಿಜನ್ನನ್ನು ಹೊರದೂಡುತ್ತದೆ. ಎರಡನೆಯದರಲ್ಲಿ ನೈಟ್ರಿಕ್ ಆಕ್ಸೈಡ್ ಒಡೆದು ನೈಟ್ರೋಜನ್ ಮತ್ತು ಆಕ್ಸಿಜನ್ ಆಗುತ್ತದೆ. ಹೀಗೆ ಬಿಡುಗಡೆಯಾದ ಆಕ್ಸಿಜನ್ನಿನಿಂದ ಹರಿಯುವ ಅತ್ಯಲ್ಪ ವಿದ್ಯುತ್ತೇ ಮಾಲಿನ್ಯದ ಅಳತೆ.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಮಾನದಂಡವನ್ನು ಪಾಲಿಸಲು ಅನೇಕ ಡೀಸೆಲ್ ವಾಹನಗಳು ಯೂರಿಯಾ ದ್ರಾವಣ ಸಿಂಪಡಿಸಿ ಈ ಅನಿಲವನ್ನು ನಿರಪಾಯಗೊಳಿಸುತ್ತವೆ. ಆ ಕಾರ್ಯ ಸರಿಯಾಗಿ ನಡೆಯುತ್ತಿದೆಯೇ ಎಂದು ಸಾಕ್ಷಿ ನುಡಿಯುವುದು ಸಂವೇದಕ. ದೋಷ ಕಂಡರೆ ಚಾಲಕನ ಮುಂದೆ ಎಚ್ಚರಿಕೆಯ ದೀಪ ಬೆಳಗುತ್ತದೆ.

ಈ ಸಾಕ್ಷಿಗೆ ಮಹತ್ವ ಬಂದಿರುವುದಕ್ಕೆ ಕಾರಣವುಂಟು. ಡೀಸೆಲ್ ವಾಹನಕ್ಕೆ ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ ಕೊಡುವಾಗ ಹೊಗೆಯ ದಟ್ಟಣೆಯನ್ನು ನೋಡುತ್ತಾರೆಯೇ ಹೊರತು ನೈಟ್ರೋಜನ್ ಆಕ್ಸೈಡ್‌ಗಳನ್ನು ಅಳೆಯುವುದಿಲ್ಲ. ಪ್ರಮಾಣಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಹೊಗೆ ಶುದ್ಧವೆಂದಲ್ಲ. 2015ರಲ್ಲಿ ಅಮೆರಿಕದಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಪ್ರಕರಣವೂ ಇದನ್ನೇ ಕಲಿಸಿತು: ಆ ಡೀಸೆಲ್ ಕಾರುಗಳು ಪರೀಕ್ಷೆಯ ವೇಳೆ ಮಿತಿಯೊಳಗಿದ್ದು, ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೂ ಈ ಅನಿಲಗಳನ್ನು ಉಗುಳುತ್ತಿದ್ದವು.

ದ್ರಾವಣದ ಖರ್ಚು ಉಳಿಸಲು ಸಂವೇದಕದ ತಂತಿ ಬದಲಿಸಿ ಸುಳ್ಳು ಸಂಕೇತ ಕೊಡಿಸುವುದು ಸಾಕ್ಷಿಯ ಬಾಯಿ ಮುಚ್ಚಿಸಿದಂತೆ. ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸಿದವರಿಗೆ ಮೋಟಾರು ವಾಹನ ಕಾಯಿದೆಯ 190(2)ನೇ ಕಲಂ 3 ತಿಂಗಳವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ಅಳತೆಯೇ ಇಲ್ಲದೆಡೆ ಅಪರಾಧವನ್ನು ರುಜುವಾತುಪಡಿಸುವುದು ಕಷ್ಟ. ಆದ್ದರಿಂದ ಶಾಲಾ ವಾಹನದ ಪ್ರಮಾಣಪತ್ರದ ದಿನಾಂಕವನ್ನು ವಿಚಾರಿಸುವ ಪಾಲಕರು, ಎಚ್ಚರಿಕೆಯ ದೀಪ ಬೆಳಗುತ್ತಿದೆಯೇ, ಬೆಳಗಿದರೆ ದುರಸ್ತಿಯಾಯಿತೇ ಎಂಬುದನ್ನೂ ವಿಚಾರಿಸುವುದು ಯುಕ್ತ. ಪ್ರಮಾಣಪತ್ರದ ಪರೀಕ್ಷೆಯಲ್ಲಿ ಈ ಅನಿಲಗಳ ಅಳತೆಯೂ ಸೇರಬೇಕೆಂದು ಸರ್ಕಾರವನ್ನು ಕೇಳುವ ಹಕ್ಕೂ ಅವರಿಗಿದೆ.