ಆದಿಕಾಂಡವನ್ನು ಮೇಪ್ಪಾಡಿಯಲ್ಲಿ ಓದುವುದು

2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನ ಮೇಪ್ಪಾಡಿ ಪಂಚಾಯಿತಿಯ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಬೆಟ್ಟ ಜರಿದು 250ಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟಿನಲ್ಲಿ ಇದೇ ಪಂಚಾಯಿತಿಯ ಪುತ್ತುಮಲೆ ಕುಸಿದಿತ್ತು. ಇಂಥ ನೆಲದಲ್ಲಿ ಬೈಬಲ್ಲನ್ನು ಹೇಗೆ ಓದಬೇಕು ಎಂಬುದು ಪಂಡಿತರಿಗಷ್ಟೇ ಬಿಟ್ಟ ಪ್ರಶ್ನೆಯಲ್ಲ. ಇಲ್ಲಿ ಬೇಸಾಯಕ್ಕೂ ಕ್ರೈಸ್ತ ನಂಬಿಕೆಗೂ ಹಳೆಯ ನಂಟಿದೆ. 1940ರ ದಶಕದಿಂದ ತಿರುವಾಂಕೂರಿನ ಬಡ ಕ್ರೈಸ್ತ ಕುಟುಂಬಗಳು ಹಸಿವಿಗೆ ಅಂಜಿ ಈ ಗುಡ್ಡ ಹತ್ತಿದವು, ಮಲೇರಿಯಾಕ್ಕೆ ತಮ್ಮವರನ್ನು ಕಳೆದುಕೊಂಡವು, ಕಾಡು ಕಡಿದು ಮರಗೆಣಸು, ಮೆಣಸು ಬೆಳೆದವು. 1973ರಲ್ಲಿ ಮಾನಂದವಾಡಿ ಧರ್ಮಪ್ರಾಂತ್ಯವೇ ಹುಟ್ಟಿತು. ಭೂಮಿಯನ್ನು ವಶಪಡಿಸಿಕೊಳ್ಳಲು ಹೇಳುವ, ಬೈಬಲ್ಲಿನ ಮೊದಲ ಗ್ರಂಥ ಆದಿಕಾಂಡದ ಆಜ್ಞೆ ಅಂಥವರಿಗೆ ತಮ್ಮ ಬೆವರಿಗೆ ಸಿಕ್ಕ ಆಶೀರ್ವಾದದಂತೆ ಕೇಳಿಸಿದ್ದರೆ ಅಚ್ಚರಿಯಿಲ್ಲ. ಆದರೆ ಆ ಮಾತು ಮೊದಲು ಯಾರ ಕಿವಿಗೆ ಬಿತ್ತು ಎಂದು ವಿಚಾರಿಸದೆ ಇಂದಿನ ಗುಡ್ಡಕ್ಕೆ ಹಚ್ಚುವುದು ಧರ್ಮಗ್ರಂಥಕ್ಕೇ ಮಾಡುವ ಅನ್ಯಾಯ.

ಆದಿಕಾಂಡದ ಮೊದಲ ಅಧ್ಯಾಯ ಈಗಿನ ರೂಪಕ್ಕೆ ಬಂದದ್ದು ಕ್ರಿ.ಪೂ. 6ನೇ ಶತಮಾನದ ಆಸುಪಾಸಿನಲ್ಲಿ, ಬಾಬಿಲೋನಿನ ಸೆರೆಯ ಕಾಲದಲ್ಲಿ ಎಂದು ಬಹಳಷ್ಟು ವಿದ್ವಾಂಸರು ಹೇಳುತ್ತಾರೆ. ಜೆರುಸಲೇಮಿನ ದೇವಾಲಯ ಸುಟ್ಟುಹೋಗಿತ್ತು, ಕೇಳುಗರು ಪರನಾಡಿನಲ್ಲಿ ನೆಲೆ ತಪ್ಪಿದವರು. ಅವರ ಸುತ್ತ ಪ್ರಚಲಿತವಿದ್ದ ಬಾಬಿಲೋನಿನ ಸೃಷ್ಟಿಕಾವ್ಯ ಎನುಮಾ ಎಲಿಷ್‌ನಲ್ಲಿ ಮನುಷ್ಯ ಹುಟ್ಟಿದ್ದೇ ದೇವತೆಗಳ ದುಡಿಮೆ ಹೊರಲು. ಆ ನಾಡುಗಳಲ್ಲಿ ದೇವರ ಪ್ರತಿರೂಪವೆಂಬ ಗೌರವ ಸಾಮಾನ್ಯವಾಗಿ ಅರಸನಿಗೆ ಸಲ್ಲುತ್ತಿತ್ತು. ಅದೇ ಗೌರವವನ್ನು ಆದಿಕಾಂಡ ಸೋತ ಜನರಿಗೆ, ಹೆಣ್ಣಿಗೂ ಗಂಡಿಗೂ ಸಮನಾಗಿ ಕೊಟ್ಟಿತು. ಎತ್ತು, ನೇಗಿಲು, ಕಲ್ಲು ಕಟ್ಟಿದ ಮೆಟ್ಟಿಲು ಹೊಲ ಇಷ್ಟನ್ನೇ ಬಲ್ಲವರಿಗೆ ಹೇಳಿದ ಧೈರ್ಯದ ಮಾತದು. ಜೆಸಿಬಿ, ಕ್ವಾರಿಯ ಸಿಡಿಮದ್ದು ಹಿಡಿದವರಿಗೆ ಕೊಟ್ಟ ಪರವಾನಗಿಯಲ್ಲ. ಅದರ ಬೆನ್ನಲ್ಲೇ ಹಸಿರನ್ನು ಮನುಷ್ಯರಿಗೂ ಪ್ರಾಣಿಗಳಿಗೂ ಆಹಾರವಾಗಿ ಕೊಟ್ಟದ್ದನ್ನೂ ಮರೆಯಬಾರದು. ಇನ್ನೂ ಮುಖ್ಯವಾದದ್ದು, ಅದೇ ಜನ ತಮ್ಮ ಸೆರೆಯನ್ನು ಅರ್ಥಮಾಡಿಕೊಂಡ ಬಗೆ. ಯಾಜಕಕಾಂಡದ 25ನೇ ಅಧ್ಯಾಯದಂತೆ ಏಳನೇ ವರ್ಷ ನೆಲಕ್ಕೆ ಬಿಡುವು ಕೊಡಬೇಕು. ಭೂಮಿ ದೇವರದ್ದು, ಉಳುವವರು ಅಲ್ಲಿನ ಅತಿಥಿಗಳು. ಪೂರ್ವಕಾಲದ ವೃತ್ತಾಂತದ ಎರಡನೇ ಗ್ರಂಥದ ಕೊನೆಯಲ್ಲಿ, ಜನ ಗಡಿಪಾರಾದ ಕಾಲದಲ್ಲಿ ನೆಲ ತನಗೆ ಸಲ್ಲಬೇಕಿದ್ದ ವಿಶ್ರಾಂತಿಯನ್ನು ತಾನೇ ಪಡೆದುಕೊಂಡಿತು ಎಂಬ ವಿವರಣೆ ಬರುತ್ತದೆ. ನೆಲದ ಮೇಲಿನ ಅಧಿಕಾರವನ್ನೂ ನೆಲಕ್ಕೆ ತೀರಿಸಬೇಕಾದ ಸಾಲವನ್ನೂ ಒಟ್ಟಿಗೇ ನೆನೆದವರು ಅವರು. ನಾವು ಮೊದಲನೆಯದನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ದೇವರ ವಾಕ್ಯ ಎಲ್ಲ ಕಾಲಕ್ಕೂ ಸಲ್ಲುವುದು, ಹಿನ್ನೆಲೆ ಕೆದಕಿದರೆ ಅದು ಹಳೆಯ ಕಾಗದವಾದೀತು ಎಂದು ಅಂಜುವವರಿದ್ದಾರೆ. ಆದರೆ ಯೇಸುವೇ ಹಿನ್ನೆಲೆ ನೋಡಿ ಓದಿದ್ದಾನೆ: ವಿಚ್ಛೇದನದ ಪ್ರಶ್ನೆ ಬಂದಾಗ, ಮೋಶೆ ಆ ಅನುಮತಿ ಕೊಟ್ಟದ್ದು ಜನರ ಹೃದಯ ಕಠಿಣವಾಗಿದ್ದರಿಂದ ಎಂದು ಕಾರಣ ತೋರಿಸಿ, ಅದರ ಹಿಂದಿನ ಉದ್ದೇಶಕ್ಕೆ ಹೋದ. ಇನ್ನೊಂದು ಆಕ್ಷೇಪ ಹೆಚ್ಚು ನೋವಿನದು. ಎರಡು ದಿನಗಳಲ್ಲಿ 500 ಮಿ.ಮೀ.ಗೂ ಹೆಚ್ಚು ಮಳೆ ಸುರಿದ ಮೇಲೆ ಬಡ ರೈತನನ್ನೂ ತೋಟದ ಕೂಲಿಯನ್ನೂ ದೂರುವುದೇ? ಖಂಡಿತ ಇಲ್ಲ. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಪಾಪಿಗಳೆಂಬುದನ್ನು ಯೇಸು ಒಪ್ಪಲಿಲ್ಲ, ಹಾಗೆಂದು ಬದುಕಿರುವವರನ್ನು ಎಚ್ಚರಿಸದೆಯೂ ಬಿಡಲಿಲ್ಲ. ಮುಂಡಕ್ಕೈಯಲ್ಲಿ ಸತ್ತವರು ನಿರಪರಾಧಿಗಳು, ಪ್ರಶ್ನೆ ಉಳಿದವರಿಗೆ.

ಪಶ್ಚಿಮಘಟ್ಟದ ಸಂರಕ್ಷಣೆ ಕುರಿತು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಾಗ, ನಂತರ 2013ರಲ್ಲಿ ಕಸ್ತೂರಿರಂಗನ್ ವರದಿ ಬಂದಾಗ, ಕೇರಳದ ಮಲೆಪ್ರದೇಶದ ಪ್ರತಿಭಟನೆಗಳ ಮುಂಚೂಣಿಯಲ್ಲಿ ಬಿಷಪ್ಪರೂ ಪಾದ್ರಿಗಳೂ ಇದ್ದರು. ಒಕ್ಕಲೆಬ್ಬಿಸುವ ಭಯ ನಿಜವಾಗಿತ್ತು, ಆ ಭಯದ ಜೊತೆ ನಿಲ್ಲುವುದು ಸಭೆಯ ಕರ್ತವ್ಯವೂ ಹೌದು. ಆದರೆ ಅದೇ ನೆಲದಲ್ಲಿ ಜೀತ ಮಾಡಿದ ಪಣಿಯ ಆದಿವಾಸಿಗಳ ಭೂಮಿಯ ಕೂಗಿಗೆ ಅಷ್ಟೇ ಬಲದ ಬೆಂಬಲ ಸಿಗಲಿಲ್ಲ. ಆದಿಕಾಂಡವನ್ನು ಪ್ರಕೃತಿಯ ಮೇಲಿನ ದಬ್ಬಾಳಿಕೆಗೆ ಸಮರ್ಥನೆಯಾಗಿ ಓದಬಾರದೆಂದು 2015ರಲ್ಲಿ ಪೋಪ್ ಫ್ರಾನ್ಸಿಸ್ ತಮ್ಮ ಲೌದಾತೊ ಸಿ ಪತ್ರದಲ್ಲಿ ಸ್ಪಷ್ಟವಾಗಿಯೇ ಬರೆದರು.

ಕನ್ನಡ ನಾಡಿಗೂ ಈ ಓದು ಹತ್ತಿರದ್ದು. ವಯನಾಡಿನ ಅನೇಕ ರೈತರು ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳಲ್ಲಿ ಹೊಲ ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಕೊಳೆರೋಗದ ಭಯದಿಂದ ಅದೇ ಹೊಲಕ್ಕೆ ಮತ್ತೆ ಶುಂಠಿ ಹಾಕದೆ ಮುಂದಿನ ಹೊಲಕ್ಕೆ ಹೋಗುತ್ತಾರೆ. ರಾಸಾಯನಿಕ ಕುಡಿದ ಮಣ್ಣು ಒಡೆಯನ ಪಾಲಿಗೆ ಉಳಿಯುತ್ತದೆ. ಏಳನೇ ವರ್ಷದ ನಿಯಮವನ್ನು ಭಾನುವಾರದ ಪೂಜೆಯಲ್ಲಿ ವಿವರಿಸುವ ಪಾದ್ರಿ ಈ ಗುತ್ತಿಗೆಗಳ ಬಗ್ಗೆಯೂ ಮಾತಾಡಬೇಕು, ನೆಲದ ಬಿಡುವಿಗೆ ಕರಾರಿನಲ್ಲೇ ಒಂದು ಷರತ್ತು ಬರೆಯಿರಿ ಎಂದು ಕೇಳಬೇಕು.